ನೀರು ಹಾಕಿದ ಮೇಲೆ

ರಕ್ತದ ಕ್ಯಾನ್ಸರಿನ ಸಂಶೋಧನೆಯಲ್ಲಿ ಹದಿನೈದು ವರ್ಷ ದುಡಿದೆನೆಂದು ಎಂಬತ್ತಾರನೆಯ ಇಸವಿಯಲ್ಲಿ ತುಮಕೂರಿನವರು ನನಗೊಂದು ಶಾಲು ಹೊದಿಸಿದರು. ಹೊಗಳಿದವರಲ್ಲಿ ಒಬ್ಬರಾದರೂ ನನ್ನ ಪ್ರಬಂಧ ಓದಿರಲಿಲ್ಲ. ಓದದಿದ್ದದ್ದೇ ಒಳ್ಳೆಯದಾಯಿತು ಬಿಡಿ. ಅದರ ಕೊನೆಯ ಪಟ್ಟಿಯಲ್ಲಿ 'ಪೋಷಕರ ಉದಾಸೀನದಿಂದ ಚಿಕಿತ್ಸೆ ಬಿಟ್ಟವರು: ಹನ್ನೊಂದು ಮಕ್ಕಳು' ಎಂದಿದೆ. ಬರೆದವಳು ನಾನೇ. ಅದು ಸುಳ್ಳೆಂದು ಗೊತ್ತಿದ್ದೂ ಬರೆದೆ.

ಹನ್ನೊಂದನೆಯವಳು ರೇವಮ್ಮ. ಏಳು ವರ್ಷದ ಆ ಹುಡುಗಿಯನ್ನು ಅವಳ ತಾಯಿ ಸಿದ್ದಲಕ್ಷ್ಮಮ್ಮ ಅಮೃತೂರಿನಿಂದ ಹೊತ್ತು, ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ, ನಮ್ಮ ಆಸ್ಪತ್ರೆಗೆ ತಂದದ್ದು ಎಪ್ಪತ್ತೊಂಬತ್ತರಲ್ಲಿ. ಮಗು ಸುಣ್ಣ ಬಳಿದ ಗೋಡೆಯ ಹಾಗೆ ಬಿಳಚಿಕೊಂಡಿತ್ತು. ಆರು ವಾರ ಇಂಜೆಕ್ಷನ್, ಮಾತ್ರೆ. ತಲೆಗೂದಲೆಲ್ಲ ಉದುರಿತು. ಆಮೇಲೊಂದು ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ, ಕೆಟ್ಟ ಕಣ ಒಂದೂ ಇಲ್ಲ. ಕುಣಿದಾಡುವಷ್ಟು ಖುಷಿಯಾಯಿತು. ಇನ್ನು ಮೂರು ವರ್ಷ ಬಿಡದೆ ಮಾತ್ರೆ ನುಂಗಿದರೆ ಈ ಮಗು ಉಳಿಯುತ್ತದೆ ಎಂದುಕೊಂಡೆ. ಡಬ್ಬಿ ಕೊಟ್ಟು, ದಿನಾ ಒಂದು ಮಾತ್ರೆ, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ತಾಯಿಗೆ ಹೇಳಿದೆ.

ಅವಳು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ನೀರು ಹಾಕ್ಬೋದಾ ಡಾಕ್ಟ್ರಮ್ಮ?"

ನನ್ನ ಕಣ್ಣು ಆಗಲೇ ಮತ್ತೊಂದು ಮಗುವಿನ ರಕ್ತದ ಮೇಲಿತ್ತು. "ಹಾಕಮ್ಮ, ಧಾರಾಳವಾಗಿ ಹಾಕು," ಎಂದೆ. ಸ್ನಾನವಿಲ್ಲದೆ ಆರು ವಾರವಾಯಿತಲ್ಲ, ಪಾಪ, ಅನ್ನಿಸಿತ್ತು.

ತಿಂಗಳಾಯಿತು, ನಾಲ್ಕು ತಿಂಗಳಾಯಿತು, ಸುಳಿವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಬೈದುಕೊಂಡು ಫೈಲಿನಲ್ಲಿ 'ತಾಯಿಯ ಉದಾಸೀನ' ಎಂದು ಗೀಚಿದೆ. ಐದನೆಯ ತಿಂಗಳು ಬಂದಳು. ಮಗುವಿನ ವಸಡಿನಲ್ಲಿ ರಕ್ತ, ಕತ್ತಿನ ಎರಡೂ ಕಡೆ ಗಂಟು.

"ಹೆತ್ತೋಳೇನೇ ನೀನು? ಒಂದು ಮಾತ್ರೆ ಕೊಡೋಕೆ ಏನ್ ಬಂದಿತ್ತು ನಿಂಗೆ?" ವಾರ್ಡಿಗೆಲ್ಲ ಕೇಳುವಂತೆ ಕೂಗಾಡಿದೆ.

ಅವಳು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ.

"ಮೊದ್ಲು ಮಾತ್ರೆ ಕೊಡು ಅಂದ್ರಿ, ಆಮ್ಯಾಲೆ ನೀರು ಹಾಕು ಅಂದ್ರಿ. ಕೊನೇ ಮಾತ್ನೇ ಹಿಡ್ಕೊಂಡೆ ಕಣಮ್ಮ. ಬೇವಿನೆಲೆ ಹಾಕಿ ಕಾಯ್ಸಿ ನೀರು ಹಾಕ್ದೆ. ನೀರು ಹಾಕಿದ್ ಮ್ಯಾಲೂ ಔಸ್ತಿ ಕೊಟ್ರೆ ಹೋದ ಕಾಯ್ಲೇನ ಕೂಗಿ ಕರ್ದಂಗಲ್ವಾ?"

ನಾನು ಹುಟ್ಟಿ ಬೆಳೆದದ್ದು ಗುಬ್ಬಿ ಪಕ್ಕದ ಚೇಳೂರಿನಲ್ಲಿ. ಚಿಕ್ಕಂದಿನಲ್ಲಿ ನನಗೆ ಮೈಮೇಲೆ ಅಮ್ಮ, ಅಂದರೆ ಸಿಡುಬು, ಎದ್ದು ಇಳಿದಾಗ ನಮ್ಮವ್ವ ಹನುಮಕ್ಕ ಬೇವಿನ ನೀರು ಹಾಕಿ, ಉಳಿದಿದ್ದ ಔಷಧಿಯನ್ನು ತಿಪ್ಪೆಗೆ ಎಸೆದಿದ್ದಳು. ನೀರು ಹಾಕಿದರೆ ಕಾಯಿಲೆಯೂ ಮುಗಿಯಿತು, ಔಷಧಿಯೂ ಮುಗಿಯಿತು. ನಮ್ಮ ಸೀಮೆಯಲ್ಲಿ ಇದು ಯಾರಿಗೆ ಗೊತ್ತಿಲ್ಲ? ರೇವಮ್ಮನಿಗಿಂತ ಮೊದಲು ಚಿಕಿತ್ಸೆ ಬಿಟ್ಟ ಹತ್ತು ಮಕ್ಕಳ ತಾಯಂದಿರೂ ಅದೇ ಬಾಗಿಲಲ್ಲಿ ನಿಂತು ಏನೋ ಕೇಳಿದ್ದರು. ಹೂಂ ಹಾಕಮ್ಮ ಎಂದು ಎಷ್ಟು ಜನಕ್ಕೆ ಹೇಳಿದ್ದೆನೋ, ನೆನಪಿಲ್ಲ.

ಎರಡನೆಯ ಸಲ ಔಷಧಿ ಹಿಡಿಯಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ರೇವಮ್ಮ ತೀರಿಕೊಂಡಳು.

ಊರಿಗೆ ಒಯ್ಯಲು ವ್ಯಾನು ಬರಬೇಕಿತ್ತು. ಸಿದ್ದಲಕ್ಷ್ಮಮ್ಮ ಜಗಲಿಯ ಮೇಲೆ ಮಗುವಿನ ಪಕ್ಕ ಕೂತಿದ್ದಳು. ನಾನು ಹತ್ತಿರ ಹೋದೆ. ತಪ್ಪು ನನ್ನದು ಎಂದು ಹೇಳಲೇಬೇಕೆಂದು ಹೋಗಿದ್ದೆ. ಅವಳೇ ಮೊದಲು ತಲೆಯೆತ್ತಿದಳು.

"ನಿಮ್ದು ಯಾವೂರಮ್ಮ?"

"ಬೆಂಗ್ಳೂರು," ಎಂದೆ.

"ಅದ್ಕೇಯ. ನೀರು ಹಾಕೋದಂದ್ರೆ ಏನಂತ ನಿಮ್ಗೆ ಹೆಂಗೆ ಗೊತ್ತಾಗ್ಬೇಕು, ಬುಡಿ. ನಿಮ್ ತಪ್ಪೇನೈತೆ," ಎಂದು ನನಗೆ ಕೈಮುಗಿದಳು.