ತೋರಿಕೆಯ ಕೇಬಲ್

ಪ್ಲಗ್ಗಿನ ಕೊರಳಿಗೆ ತೊಡಿಸಿದ್ದ ರಬ್ಬರಿನ ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿದಾಗ, ರಿಪೇರಿಗೆ ಬಂದಿದ್ದ ಅವಳಿಗೆ ಕಂಡದ್ದು ಎಂಟು ತಂತಿಗಳ ಕತ್ತರಿಸಿದ ತುದಿಗಳು. ಒಂದೂ ಪ್ಲಗ್ಗಿನೊಳಗೆ ಹೊಕ್ಕಿರಲಿಲ್ಲ. ಹೊರನೋಟಕ್ಕಾದರೋ ಅದು ಮೆಟ್ಟಿಲಡಿಯ ಬ್ಯಾಟರಿಯಿಂದ ಮಹಡಿಯ ಇನ್ವರ್ಟರಿಗೆ ಸುದ್ದಿ ಒಯ್ಯುವ ಡೇಟಾ ಕೇಬಲ್ಲೇ.

"ನಿನ್ನೆ ಮಧ್ಯಾಹ್ನ ಕರೆಂಟು ಹೋಯ್ತು. ಇಪ್ಪತ್ತು ನಿಮಿಷಕ್ಕೆ ಇದೂ ಬಂದ್," ಎಂದಳು ಮೆಟ್ಟಿಲ ಮೇಲೆ ನಿಂತಿದ್ದ ಮನೆಯೊಡತಿ. "ಇನ್ವರ್ಟರ್ ಪರದೆ ಮೇಲೆ ಮಾತ್ರ ಬ್ಯಾಟರಿ ಫುಲ್ ಅಂತಿತ್ತು. ನಮ್ಮಪ್ಪ ಆಕ್ಸಿಜನ್ ಮಶೀನಿನಲ್ಲಿರೋರು ಕಣಮ್ಮಾ. ಪಕ್ಕದ ಮನೆ ಜನರೇಟರಿಂದ ವೈರ್ ಎಳ್ಕೊಂಡು ಉಳಿಸ್ಕೊಂಡ್ವಿ."

ರಿಪೇರಿಗೆ ಬಂದವಳ ಬೆನ್ನ ಹಿಂದೆ ಟಾರ್ಚು ಹಿಡಿದಿದ್ದ ಅವಳ ಮೈದುನ ನಕ್ಕ. "ಕೇಬಲ್ ಮಾಡಿದ್ದು ನಮ್ಮ ಅತ್ತಿಗೆ, ಅಮ್ಮಾ. ನಾನು ಬರೀ ಚುಚ್ಚಿ ಹೋದೋನು. ಇವರ ಕೈ ಅಡುಗೇಲಿ ಮಾತ್ರ ತಪ್ಪುತ್ತೆ ಅಂದ್ಕೊಂಡಿದ್ದೆ!"

ಮನೆಯೊಡತಿ ನಗಲಿಲ್ಲ. ತಂದೆಯ ಕೆಮ್ಮು ಕೇಳಿ ಒಳಗೆ ಹೋದಳು.

ಬ್ಯಾಟರಿ, ಇನ್ವರ್ಟರು ಬೇರೆ ಬೇರೆ ತಯಾರಕರವಾದಾಗ ಪ್ಲಗ್ಗಿನೊಳಗೆ ತಂತಿಗಳ ಕ್ರಮವೂ ಬೇರೆಯಾಗುತ್ತದೆ. ಅಂಗಡಿಯ ಸಿದ್ಧ ಕೇಬಲ್ಲು ಅವನ್ನು ಮಾತನಾಡಿಸಲಾರದು. ಆದ್ದರಿಂದ ಪ್ರತಿ ಮನೆಯ ಕೇಬಲ್ಲನ್ನೂ ಅವಳು ತಾನೇ ಕೂತು, ತಂತಿಗಳನ್ನು ಪ್ಲಗ್ಗಿನೊಳಗೆ ಒತ್ತಿ ಕೂರಿಸಿ ಮಾಡಿ ಕೊಡುತ್ತಿದ್ದಳು. ಅವೆರಡೂ ಮಾತನಾಡದಿದ್ದರೂ ವೋಲ್ಟೇಜು ನೋಡಿ ಅಂದಾಜಿನಲ್ಲಿ ನಡೆಯುವಂತೆ ಇನ್ವರ್ಟರಿಗೆ ಹೇಳಿಡಬಹುದು. ಆಗಲೂ ಪರದೆಯ ಮೇಲೆ ಒಂದು ಅಂಕಿ ಮೂಡುತ್ತದೆ, ಆದರೆ ಅದು ಊಹೆ. ತನ್ನ ಸಹಿಯಿರುವ ಯಾವ ಮನೆಯನ್ನೂ ಊಹೆಯ ಆಶ್ರಯದಲ್ಲಿ ಬಿಡಕೂಡದೆಂಬುದು ಅವಳು ತನಗೆ ತಾನೇ ವಿಧಿಸಿಕೊಂಡ ನಿಯಮ.

ಅವಳು ಫೋನು ತೆಗೆದು ಎಂಟು ತಿಂಗಳ ಹಿಂದಿನ ಚಿತ್ರವನ್ನು ಹುಡುಕಿದಳು. 'ಮಾತಾಡ್ತಿವೆ ಅತ್ತಿಗೆ' ಎಂದು ಬರೆದು ಅವನು ಕಳಿಸಿದ ಪರದೆಯ ಚಿತ್ರ. ಅದನ್ನು ನಂಬಿಯೇ ಅವಳು ಈ ಮನೆಯ ಕೆಲಸ ಮುಗಿದ ವರದಿಗೆ ಸಹಿ ಹಾಕಿದ್ದಳು. ಚಿತ್ರದಲ್ಲಿ ಪರದೆಯ ಹಿಂದೆ ಹಸಿರು ಗೋಡೆಯಿತ್ತು. ಬಂದೊಡನೆ ಅವಳು ಹತ್ತಿ ನೋಡಿದ್ದ ಈ ಮನೆಯ ಮಹಡಿಯಲ್ಲಿದ್ದುದು ಬಣ್ಣ ಕಾಣದ ಇಟ್ಟಿಗೆಯ ಗೋಡೆ.

"ನಾನು ಕೊಟ್ಟ ಕೇಬಲ್ ಎಲ್ಲೋ?" ಎಂದಳು, ದನಿ ತಗ್ಗಿಸಿ.

"ಉದ್ದ ಸಾಲ್ಲಿಲ್ಲ."

"ಒಂದು ಫೋನ್ ಮಾಡೋಕೆ ಏನಾಗಿತ್ತು?"

"ಅಳತೆ ತಪ್ಪು ಹೇಳಿದ್ದು ನಾನೇ ತಾನೇ? ಅಣ್ಣನ ಮುಂದೆ ಮಾನ ಕಳೀತಿದ್ರಿ. ಅದೂ ಅಲ್ದೆ, ಎಂಟು ತಿಂಗಳು ನಡೀತಲ್ಲ ಅತ್ತಿಗೆ."

"ನಡೆಯೋದಾದ್ರೆ ಈ ಸತ್ತ ಕೇಬಲ್ ಯಾಕೆ ಸಿಕ್ಕಿಸಿದೆ? ಮೇಲೊಂದು ಟೊಪ್ಪಿಗೆ ಬೇರೆ."

ಟಾರ್ಚಿನ ಬೆಳಕು ನೆಲಕ್ಕೆ ಇಳಿಯಿತು. "ನೀವೇನಾದ್ರೂ ಬಂದು ನೋಡಿದ್ರೆ ಅಂತ."

ಅವಳು ಆ ಪ್ಲಗ್ಗನ್ನು ಅಂಗೈಯಲ್ಲಿಟ್ಟು ನೋಡಿದಳು. ಟೊಪ್ಪಿಗೆ ಕೂದಲೆಳೆಯಷ್ಟೂ ಓರೆಯಾಗದೆ ಕುಳಿತಿತ್ತು. ಹಾಗೆ ಕೂರಿಸುವುದನ್ನು ಅವನಿಗೆ ಕಲಿಸಿದವಳು ಅವಳೇ.

ಮನೆಯೊಡತಿ ಹಿಂತಿರುಗಿದಾಗ ಅವಳು ಎದ್ದು ನಿಂತಳು. "ತಪ್ಪು ನಮ್ಮದಮ್ಮಾ. ಕೆಲಸ ಮಾಡೋ ಕೇಬಲ್ ಹಾಕೇ ಇರಲಿಲ್ಲ. ನೋಡದೆ ಸಹಿ ಮಾಡಿದೋಳು ನಾನು."

"ಇವತ್ತು ನೀವು ಹೇಳೋದನ್ನ ಹೇಗೆ ನಂಬಲಿ?"

ಅವಳು ಚೀಲ ತೆರೆದು ತಂತಿಯ ಸುರುಳಿ ಹೊರತೆಗೆದಳು. ಹೊಸ ತಂತಿಯನ್ನು ಮಹಡಿಯವರೆಗೆ ಎಳೆದು, ಕೈಪಿಡಿಯ ಹಾಳೆ ನೋಡಿ ಎರಡೂ ತುದಿಗಳಲ್ಲಿ ಬೇಕಾದ ಎಳೆಗಳನ್ನಷ್ಟೇ ಕೂರಿಸಿ ಒತ್ತಿದಳು. ಮೈದುನ ಒಂದು ತುದಿಯನ್ನು ಮೇಲೆ ಸಿಕ್ಕಿಸಲು ಹೋದ; ಇನ್ನೊಂದನ್ನು ಅವಳು ಬ್ಯಾಟರಿಗೆ ಸಿಕ್ಕಿಸಿ, ವರದಿಯ ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡಳು.

"ಹದಿನೇಳು ಪರ್ಸೆಂಟ್!" ಮೇಲಿನಿಂದ ಅವನ ಕೂಗು ಬಂತು. "ಮಾತಾಡ್ತಿವೆ, ಬರ್ಕೊಳ್ಳಿ ಅತ್ತಿಗೆ!"

ಹನ್ನೊಂದು ವರ್ಷ ಅವನು ಕೂಗಿದ್ದನ್ನು ಕೂತಲ್ಲಿಂದಲೇ ಬರೆದುಕೊಂಡಿದ್ದಳು. ಈಗ ಪೆನ್ನಿನ ಮುಚ್ಚಳ ಹಾಕಿ, ಗೋಡೆಗೆ ಕೈಯೂರಿ, ಒಂದೊಂದಾಗಿ ಮೆಟ್ಟಿಲು ಹತ್ತತೊಡಗಿದಳು.