ಮಾವ ಅಂಟಿಸಿದ ಕನ್ನಡಿ

ಕನ್ನಡಿ ಒಡೆದದ್ದು ನಾನು. ಇಷ್ಟು ಚಿಕ್ಕ ಮಾತನ್ನು ಹೇಳಲು ನನಗೆ ನಾಲ್ಕು ದಿನ ಬೇಕಾಯಿತು.

ಗುರುವಾರ ಮಧ್ಯಾಹ್ನ ಮಾವ ಊಟ ಮುಗಿಸಿ ಮಲಗಿದ್ದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ಒಂದು ಗೀರೂ ಬೀಳಿಸದ ಮನುಷ್ಯ. ನನಗೆ ಕಾರು ಕಲಿಸಿದ ಗುರುಗಳೂ ಅವರೇ. "ಇನ್ನೊಂದು ತಿಂಗಳು ನಾನು ಪಕ್ಕದಲ್ಲಿ ಇಲ್ದೆ ಗಾಡಿ ತೆಗೀಬೇಡ ಕಣಮ್ಮ" ಎಂದು ಅಪ್ಪಣೆಯಾಗಿತ್ತು. ನನಗೋ ಬೇಡ ಎಂದದ್ದನ್ನು ಮಾಡದಿದ್ದರೆ ಉಂಡದ್ದು ಅರಗುವುದಿಲ್ಲ. ಸದ್ದಾಗದಂತೆ ಬೀಗದ ಕೈ ತೆಗೆದುಕೊಂಡು ದರ್ಜಿಯ ಅಂಗಡಿಗೆ ಹೋದೆ. ಬರುವಾಗ ಆ ಇಕ್ಕಟ್ಟಿನ ಬೀದಿಯಲ್ಲಿ ಎದುರು ಬಂದ ವ್ಯಾನಿಗೆ ದಾರಿ ಬಿಡಲು ಹೋಗಿ ಎಡಗಡೆಯ ಕನ್ನಡಿಯನ್ನು ಕರೆಂಟು ಕಂಬಕ್ಕೆ ಬಡಿದೆ. ಉದುರಿದ ಚೂರುಗಳನ್ನು ಚಪ್ಪಲಿಯಿಂದ ಚರಂಡಿಗೆ ತಳ್ಳಿ, ಮನೆಗೆ ಬಂದು, ಕಾರನ್ನು ಇದ್ದಲ್ಲೇ ನಿಲ್ಲಿಸಿದೆ. ಮಾವ ಇನ್ನೂ ಗೊರಕೆ ಹೊಡೆಯುತ್ತಿದ್ದರು.

ಸಂಜೆ ಅದು ನನ್ನ ಗಂಡನ ಕಣ್ಣಿಗೆ ಬಿತ್ತು. ಬೆಳಿಗ್ಗೆ ಮಾವ ಔಷಧಿ ಅಂಗಡಿಗೆ ಹೋಗಿ ಬಂದಿದ್ದರು. ಆ ದಿನ ಕಾರು ತೆಗೆದವರು ಅವರೊಬ್ಬರೇ ಎಂದು ಎಲ್ಲರೂ ತಿಳಿದಿದ್ದರು.

"ಎಷ್ಟು ಸಲ ಹೇಳಿದೀನಿ ಅಪ್ಪಾ, ಇನ್ನು ಸಾಕು ಅಂತ. ಇವತ್ತು ಕನ್ನಡಿ, ನಾಳೆ ಯಾರದ್ದಾದ್ರೂ ಕಾಲು! ಇನ್ಮೇಲೆ ಕೀ ಅವಳ ಹತ್ರ ಇರ್ಲಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಜ್ವರದ ಎತ್ತು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿತ್ತು. ಮಾವ ಗುಡುಗುತ್ತಾರೆ, ನಾನಲ್ಲ ಅನ್ನುತ್ತಾರೆ, ಆಗ ಹೋಗಿ ಒಪ್ಪಿಕೊಂಡರಾಯಿತು ಎಂದು ಕಾದೆ. ಅವರು ಒಡೆದ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, "ತಾಗಿಸಿರ್ಬೇಕು ಕಣೋ" ಎಂದುಬಿಟ್ಟರು. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ. ನಿಜ ಹೇಳಬೇಕೆಂದರೆ, ಕೀ ನನ್ನ ಕೈಗೆ ಬರುತ್ತದಲ್ಲ ಎಂದು ನನ್ನ ನಾಚಿಕೆಗೆಟ್ಟ ಮನಸ್ಸು ಒಳಗೊಳಗೇ ಖುಷಿಪಟ್ಟಿತು.

ಶೋರೂಮಿನವರು ಪೂರ್ತಿ ಬದಲಿಸಬೇಕು ಎಂದರು. ಬೆಲೆ ಕೇಳಿ ಗಂಡನಿಗೆ ಫೋನಿನಲ್ಲೇ ಕೆಮ್ಮು ಬಂತು.

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ?" ಎಂದರು ಮಾವ. "ಹೋಗಿರೋದು ಗಾಜು ಮಾತ್ರ. ನಾನೇ ಹಾಕ್ತೀನಿ."

ಭಾನುವಾರ ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಕೂತೆವು. ಬೀರುವಿನ ಹಳೆಯ ಕನ್ನಡಿಯನ್ನೇ ಕತ್ತರಿಸಿ ಹಾಕೋಣವೇ ಎಂದು ಕೇಳಿದೆ.

"ಅದು ಚಪ್ಪಟೆ ಗಾಜು ಕಣಮ್ಮ. ಇದು ಸ್ವಲ್ಪ ಉಬ್ಬಿರುತ್ತೆ, ನೋಡು. ಚಪ್ಪಟೆ ಹಾಕಿದ್ರೆ ಪಕ್ಕದಲ್ಲಿ ಬರೋ ಸೈಕಲ್ಲಿನವನು ಕಾಣೋದೇ ಇಲ್ಲ."

ಗುಜರಿ ಅಂಗಡಿಯಿಂದ ಯಾವುದೋ ಕಾರಿನ ಉಬ್ಬುಗಾಜನ್ನು ಚಿಲ್ಲರೆ ಕಾಸಿಗೆ ತಂದಿದ್ದರು. ಅದು ನಮ್ಮದಕ್ಕಿಂತ ಬೆರಳಗಲ ದೊಡ್ಡದು. ಕಾಗದದ ಮೇಲೆ ಅಳತೆ ಬರೆದುಕೊಂಡು, ಹೆಚ್ಚಾದ ಅಂಚನ್ನು ಕತ್ತರಿಸಿ, ನೀರು ಹಾಕಿ ಉಪ್ಪುಕಾಗದದಿಂದ ಉಜ್ಜಿದರು. ಕಾರಿನಲ್ಲಿ ಉಳಿದಿದ್ದ ಒಡಕು ಗಾಜಿನ ಮೇಲೆ, ಚೂರು ಸಿಡಿಯದಂತೆ, ಟೇಪು ಅಂಟಿಸಿದರು. ಹಳೆಯ ಅಂಟು ಸಡಿಲವಾಗಲೆಂದು ಕೂದಲು ಒಣಗಿಸುವ ಡ್ರೈಯರಿನಿಂದ ನಾನು ಬಿಸಿ ಮಾಡುತ್ತ ಹೋದೆ; ಅವರು ಹಳೆಯ ಚಾಕು ತೂರಿಸಿ ಮೆಲ್ಲಗೆ ಎಬ್ಬಿಸುತ್ತ ಬಂದರು. ಬಸ್ಸು ತಿರುಗಿಸಿದ ಆ ಕೈಗಳು ಇಷ್ಟೂ ನಡುಗಲಿಲ್ಲ.

"ಒಂದು ವಿಷ್ಯ ಹೇಳ್ತೀನಿ. ನಿನ್ನ ಗಂಡನಿಗೆ ಹೇಳ್ಬೇಡ" ಎಂದರು, ತಲೆ ಎತ್ತದೆ. "ತಾಗಿಸಿದ್ದು ನನಗೆ ನೆನಪೇ ಇಲ್ಲ. ಔಷಧಿ ಅಂಗಡಿ ದಾರೀಲಿ ಎರಡು ಸಲ ನಡ್ಕೊಂಡು ಹೋಗಿ ಹುಡುಕಿದೆ. ಒಂದು ಚೂರೂ ಸಿಗ್ಲಿಲ್ಲ. ಒಡೆದ ಸದ್ದಾದ್ರೂ ಕೇಳಿರ್ಬೇಕಲ್ವಾ? ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನನ್ನೇ ಯಾರಪ್ಪಾ ನೀನು ಅಂತ ಕೇಳ್ತಿದ್ರು."

ನಾನು ಅವರ ಕಾರು ಕಸಿದುಕೊಂಡೆ ಎಂದಷ್ಟೇ ತಿಳಿದಿದ್ದೆ. ಅವರು ತಮ್ಮ ತಲೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡು ಕೂತಿದ್ದರು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಡ್ರೈಯರ್ ಆರಿಸಿದೆ.

"ಮಾವ, ಕನ್ನಡಿ ಒಡೆದದ್ದು ನಾನು."

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು.

"ಹುಚ್ಚಿ. ಈ ಮುದುಕನ ಮರ್ಯಾದೆ ಉಳಿಸೋಕೆ ತಪ್ಪು ಮೈಮೇಲೆ ಹಾಕ್ಕೋತೀಯಾ?"

"ಇಲ್ಲ ಮಾವ, ನಿಜ. ನೀವು ಮಲಗಿದ್ದಾಗ ದರ್ಜಿ ಅಂಗಡಿಗೆ ಹೋಗಿದ್ದೆ. ವ್ಯಾನು ಬಂತು, ಪಕ್ಕದಲ್ಲಿ ಕಂಬ..."

"ಕಥೆ ಚೆನ್ನಾಗಿ ಕಟ್ಟಿದೀಯ. ನಾನು ನಾಲ್ಕು ದಿನದಿಂದ ಒದ್ದಾಡ್ತಿರೋದನ್ನ ನೋಡ್ಕೊಂಡು ನೀನು ಸುಮ್ನಿದ್ದೆ ಅಂತ ನಾನು ನಂಬಬೇಕಾ? ಅಂಥವಳಲ್ಲಮ್ಮ ನೀನು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೆನ್ನು ತಟ್ಟಿದರು. ಆಣೆ ಮಾಡಿ ಹೇಳಿದೆ, ಅದಕ್ಕೂ ನಂಬದೆ ತಲೆಯಾಡಿಸಿದರು. ಹಿಂಬದಿಗೆ ಗಮ್ಮು ಬಳಿದು, ಹೊಸ ಗಾಜನ್ನು ಗೂಡಿನಲ್ಲಿ ಕೂರಿಸಿ, ನನ್ನ ಅಂಗೈಯನ್ನು ಅದರ ಮೇಲಿಟ್ಟರು.

"ಹತ್ತು ನಿಮಿಷ ಒತ್ತಿ ಹಿಡ್ಕೋ. ಕೈ ಬಿಡ್ಬೇಡ" ಎಂದು ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು.

ನಾನು ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಅವರ ದನಿ ಕೇಳಿಸಿತು. ಯಾವುದೋ ಆಸ್ಪತ್ರೆಗೆ ಫೋನು ಮಾಡುತ್ತಿದ್ದರು.

"ಹೌದಮ್ಮ, ನನಗೇ. ಮರೆವು. ಗುರುವಾರದಿಂದ."