ನಡುಗಡ್ಡೆಯ ಖಾನಾವಳಿ

ಮಾಘಮಾಸದ ಎಳೆಬಿಸಿಲು ಕೃಷ್ಣೆಯ ಮೈಮೇಲೆ ಕೇಸರಿಯನ್ನು ಚೆಲ್ಲಿ, ಸುರಪುರ ಸೀಮೆಯ ಬಂಡೆಗಳ ನಡುವೆ ಸಾವಿರ ಕಿರುದೀಪಗಳಾಗಿ ಒಡೆದು, ಮತ್ತೆ ಒಂದಾಗಿ ಹರಿಯುವ ಆ ಪ್ರಾತಃಕಾಲದ ಸೊಬಗನ್ನು ಏನೆಂದು ಬಣ್ಣಿಸಲಿ, ಸಹೃದಯರೇ!... ಆ ಹೊಳೆಯ ನಡುಗಡ್ಡೆಯಲ್ಲಿ, ಬೇವಿನ ನೆರಳಿನಲ್ಲಿ, ತಿಮ್ಮಣ್ಣ ಮತ್ತು ಸಾಯಬಮ್ಮ ದಂಪತಿಗಳ ಖಾನಾವಳಿಯಿತ್ತು. ಎಡದಂಡೆಯಲ್ಲಿ ಕಾಲುವೆ ತೋಡುತ್ತಿದ್ದ ವರ್ಷಗಳವು. ತಿಮ್ಮಣ್ಣನ ತಾಯಿ ಮರಿಲಿಂಗಮ್ಮ ಜೋಳ ಬೀಸುವಳು. ಸಾಯಬಮ್ಮ ರೊಟ್ಟಿ ಬಡಿದು ಪುಂಡಿಪಲ್ಯ ಕುದಿಸುವಳು. ಮನೆಯೂಟದ ಆಸೆಯಿಂದ ದಂಡೆಯಲ್ಲಿ ಕಾಯುವ ಕಾಲುವೆಯ ಜನರನ್ನು ತಿಮ್ಮಣ್ಣ ಹರಗೋಲಿನಲ್ಲಿ ಕರೆತರುವನು.

ಅವರಲ್ಲಿ ಓವರಸೀಯರ್ ಬಸವಂತರಾಯ ಮಿತಭಾಷಿ. ಆದರೆ ಉಂಡು ಏಳುವಾಗ ಒಲೆಯ ಕಡೆ ತಿರುಗಿ, ಪಲ್ಯದ ಹುಳಿ ಹದವಾಗಿತ್ತೆಂದೋ, ರೊಟ್ಟಿ ಹೂವಿನಂತಿತ್ತೆಂದೋ ಹೇಳದೆ ಹೋಗುತ್ತಿರಲಿಲ್ಲ. ಆಗ ಸಾಯಬಮ್ಮನ ಮುಖದಲ್ಲಿ, ಮೊದಲ ಮಳೆಗೆ ಕರಿನೆಲ ಬಿಡುವ ಉಸಿರಿನಂಥ ಹರ್ಷ... ತಿಮ್ಮಣ್ಣ ಅದನ್ನು ಕಂಡ. ಹನ್ನೆರಡು ವರ್ಷಗಳ ದಾಂಪತ್ಯದಲ್ಲಿ ಆ ಮುಖಕಾಂತಿಯನ್ನು ತಾನು ಕಂಡದ್ದುಂಟೇ ಎಂದು ನೆನೆದ, ನೆನಪಾಗಲಿಲ್ಲ. ಅಂದಿನಿಂದ ಅಸೂಯೆಯು ವೈಶಾಖದ ಝಳದಂತೆ ಅವನೆದೆಯಲ್ಲಿ ಕುಳಿತಿತು. ಆಕೆ ತಲೆ ಬಾಚಿಕೊಂಡರೆ, ಯಾರಿಗಾಗಿ? ಹೊಸ ಬಳೆ ತೊಟ್ಟರೆ, ಯಾರು ನೋಡಲೆಂದು?...

ಒಂದು ದಿನ ಅವನು ದಂಡೆಯಲ್ಲಿದ್ದವರಿಗೆ, ಹೆಂಡತಿಗೆ ಜ್ವರ, ಒಲೆ ಹೊತ್ತಿಲ್ಲವೆಂದು ಹೇಳಿ ಬರಿದೇ ಹಿಂತಿರುಗಿದ. ಮನೆಯಲ್ಲಿ, ಅವರೆಲ್ಲ ಶಹಾಪುರಕ್ಕೆ ಹೋಗಿದ್ದಾರೆಂದ. ಮರುದಿನವೂ ಅದೇ ಸುಳ್ಳು. ಬಡಿದ ರೊಟ್ಟಿಗಳು ಬುಟ್ಟಿಯಲ್ಲೇ ಒಣಗಿದವು.

ಮೂರನೆಯ ದಿನ ಬಸವಂತರಾಯನ ಜೀಪಿನ ಡ್ರೈವರ್ ಲಾಡ್ಲೇಸಾಬ ಮೀನುಗಾರರ ತೆಪ್ಪದಲ್ಲಿ ಬಂದ. ಸಾಹೇಬರು ಗುಳಿಗೆ ಕಳಿಸಿದ್ದಾರೆ, ಜ್ವರ ಇಳಿಯಿತೇ ಎಂದು ವಿಚಾರಿಸಿದ. ಸಾಯಬಮ್ಮ ಗಂಡನ ಮುಖ ನೋಡಿದಳು. ಗಂಡ ಹೊಳೆಯನ್ನು ನೋಡಿದ. ಈಗ ಆರಾಮಾಗಿದ್ದೇನೆಂದು ಹೇಳಿ, ಲಾಡ್ಲೇಸಾಬನಿಗೆ ಉಣಬಡಿಸಿ ಕಳಿಸಿದ ಮೇಲೆಯೇ ಆಕೆ ಬಾಯಿ ತೆರೆದಳು.

"ಜ್ವರ ನನಗ ಬಂದಿಲ್ಲ. ನಿಮಗ ಬಂದದ."

"ಅವ್ರು ಹೊಗಳಿದ್ರ ನಿನ್ನ ಮಾರಿ ಅರಳ್ತದ," ಎಂದ ತಿಮ್ಮಣ್ಣ. "ನನಗ ನೋಡಾಕ ಆಗವಲ್ದು."

"ಹೌದ್ರಿ, ಅರಳ್ತದ. ಸುಳ್ಳ್ಯಾಕ ಹೇಳ್ಲಿ? ಹನ್ನೆರಡು ವರ್ಷ ನಿಮಗ ಮಾಡಿ ಹಾಕೀನಿ. ಚಲೋ ಅದ ಅಂತ ಒಂದಿನ ಅಂದೀರೇನು? ಕಾದು ಕಾದು, ಕಾಯೋದ ಬಿಟ್ಟೀನಿ."

ಬೈಗುಳಕ್ಕೆ ಸಿದ್ಧನಾಗಿದ್ದ ತಿಮ್ಮಣ್ಣನಿಗೆ ಆ ಕಡೆಯ ಮಾತನ್ನು ತಾಳಿಕೊಳ್ಳಲಾಗಲಿಲ್ಲ. ಎದ್ದು ಹುಟ್ಟು ಹಿಡಿದ. ದಂಡೆಗೆ ಹೋಗಿ ಬಸವಂತರಾಯನೆದುರು ತನ್ನ ಸುಳ್ಳನ್ನು ಒಪ್ಪಿಕೊಂಡು, ಎಲ್ಲರನ್ನೂ ಕರೆತಂದ. ಅವರ ಪಂಕ್ತಿಯಲ್ಲೇ ಕುಳಿತು ಉಂಡ. ತಾಯಿಯೂ ಕೇಳುವಂತೆ, ಹಗ್ಗವಿಲ್ಲದ ಬಾವಿಯಿಂದ ಕೊಡವನ್ನೆತ್ತುವಷ್ಟು ಕಷ್ಟದಿಂದ, "ಪಲ್ಯ ಚಲೋ ಆಗ್ಯದ" ಎಂದ.

ಸಾಯಬಮ್ಮನ ಮುಖ ಅರಳಲಿಲ್ಲ. ತಲೆ ತಗ್ಗಿಸಿ ಅವನ ತಾಟಿಗೆ ಇನ್ನೊಂದು ಬಿಸಿರೊಟ್ಟಿ ಹಾಕಿದಳು.

ಮರುದಿನ ಬಸವಂತರಾಯ ಹೊಗಳಿದಾಗ ತಿಮ್ಮಣ್ಣನ ಎದೆ ಮತ್ತೆ ಉರಿಯದಿರಲಿಲ್ಲ. ಮನುಷ್ಯಹೃದಯವು ಒಂದು ಮಾತಿಗೆ ತಿಳಿಯಾಗುವುದಿಲ್ಲ, ಸಹೃದಯರೇ. ಪ್ರೀತಿಸುವುದು ನಮಗೆ ಸಹಜವಾಗಿ ಬರುತ್ತದೆ. ಪ್ರೀತಿಸುತ್ತೇವೆಂದು ಕೇಳಿಸುವಂತೆ ಹೇಳುವುದನ್ನು ಮಾತ್ರ, ನರೆಗೂದಲು ಬಂದ ಮೇಲೂ, ಮಕ್ಕಳಂತೆ ತೊದಲುತ್ತ ಕಲಿಯಬೇಕಾಗುತ್ತದೆ...